ಅವಳಿಗೆ ಒಪ್ಪುವ ಬಣ್ಣ

ಜೂನ್ ೩

ಶ್ರೀಮತಿಯವರಿಗೆ,

ನಮಸ್ಕಾರ. ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಬರೆಯುತ್ತಿರುವ ನನಗೇ ಆಗಿದೆ. ಈಗ ನಿಮ್ಮ ಮನೆಯಲ್ಲಿರುವ ಹುಡುಗಿಯ ತಾಯಿ ನಾನು; ನಿಮ್ಮ ಯಜಮಾನರ ಮೊದಲನೆಯ ಹೆಂಡತಿ. ಅವರು ನನ್ನಿಂದ ಬೇರೆಯಾಗಿ ನಿಮ್ಮನ್ನು ಮದುವೆಯಾಗಿ ಇಷ್ಟು ವರ್ಷವಾದರೂ ನಾನು ನಿಮಗೆ ಒಂದಕ್ಷರ ಬರೆದವಳಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಕಾಗದವಾದರೆ ಹರಿದು ಹಾಕಿ ಮತ್ತೆ ಬರೆಯಬಹುದು. ಹಾಗೆ ಹರಿದು ಹರಿದು ಕೊನೆಗೆ ಉಳಿದದ್ದು ಇದು.

ವಿಷಯಕ್ಕೆ ಬರುತ್ತೇನೆ. ಗುಬ್ಬಿ ಟಿವಿಯಲ್ಲಿ ವಾರ್ತೆ ಓದುವ ಕೆಲಸಕ್ಕೆ ಅರ್ಜಿ ಹಾಕಿ ನಿಮ್ಮ ಊರಿಗೆ ಬಂದಳು. ಹಾಸ್ಟೆಲಿನಲ್ಲಿ ಜಾಗ ಸಿಗುವವರೆಗೆ ಅಪ್ಪನ ಮನೆಯಲ್ಲಿ ಇರುತ್ತೇನೆ ಅಂದಳು. ಹಲ್ಲು ಕಚ್ಚಿಕೊಂಡು ಹೂಂ ಅಂದೆ. ಅಪ್ಪ ಅಪ್ಪನೇ ತಾನೆ. (ಗುಬ್ಬಿ ಅನ್ನುವುದು ನಾನು ಇಟ್ಟ ಹೆಸರು. ನೀವು ಹಾಗೆ ಕರೆಯಬೇಕಾಗಿಲ್ಲ.)

ನಿನ್ನೆ ಫೋನಿನಲ್ಲಿ ಏನು ಹೇಳಿದಳು ಗೊತ್ತೆ? "ಅಮ್ಮಾ, ನೀನು ಹೊಲಿದಿದ್ದು ಯಾವ್ದೂ ನಂಗೆ ಒಪ್ಪಲ್ವಂತೆ. ಬಣ್ಣಗಳೇ ಸರಿ ಇಲ್ವಂತೆ. ಕಿಟಕಿ ಹತ್ರ ಕೂರಿಸಿ ತೋರಿಸಿದ್ರು."

ತೋರಿಸಿದ್ದು ನೀವಂತೆ. ಅದೇ ಟಿವಿಯ ಸ್ಟುಡಿಯೋದಲ್ಲಿ ಮುಖಕ್ಕೆ ಬಣ್ಣ ಬಳಿಯುವ ಕೆಲಸ ನಿಮ್ಮದು ಅಂತ ಗೊತ್ತು. ಬಳಿಯುವವರ ಮುಖಕ್ಕೆ ಬಳಿಯಿರಿ. ನನ್ನ ಮಗಳ ಮೈಮೇಲೆ ಏನಿರಬೇಕು ಅನ್ನುವುದನ್ನು ಅವಳು ಹುಟ್ಟಿದ ದಿನದಿಂದ ನೋಡಿಕೊಂಡು ಬಂದವಳು ನಾನು. ನನ್ನ ಹೊಲಿಗೆ ಅಂಗಡಿಗೆ ಊರಿನ ಅರ್ಧ ಜನ ಬರುತ್ತಾರೆ. ಮಿಕ್ಕ ಅರ್ಧ ಜನ ನನ್ನ ಬಾಯಿಗೆ ಹೆದರಿ ಬರುವುದಿಲ್ಲ, ಅಷ್ಟೆ. ದಯವಿಟ್ಟು ಈ ವಿಷಯದಲ್ಲಿ ಮೂಗು ತೂರಿಸಬೇಡಿ.

ಇತಿ,
ಗುಬ್ಬಿಯ ಅಮ್ಮ


ಜೂನ್ ೧೭

ಅಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಏನು ಬರೆದರೂ ತಪ್ಪಾಗುತ್ತದೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದರೂ ತಪ್ಪಾಗುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ನಾನಾಗಿ ಹೋಗಿ ಅವಳ ಬಟ್ಟೆಯ ಮಾತು ತೆಗೆಯಲಿಲ್ಲ. ಮೊದಲ ಸಲ ಕ್ಯಾಮೆರಾ ಮುಂದೆ ಕೂರಿಸಿದಾಗ ನೀವು ಹೊಲಿದ ಸಾಸಿವೆ ಹಳದಿಯ ಟಾಪ್ ಹಾಕಿದ್ದಳು. ಓದಿದ್ದು ಎಲ್ಲರಿಗಿಂತ ಚೆನ್ನಾಗಿ. ಆದರೆ ಆಯ್ಕೆ ಮಾಡುವವರು ತೆರೆ ನೋಡಿ, "ಯಾಕಮ್ಮಾ, ಹುಷಾರಿಲ್ವಾ?" ಅಂದರಂತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸಂಜೆ ಹೊರಗೆ ಬಂದು ಅವಳೇ ಕೇಳಿದಳು, "ನನ್ನ ಮುಖದಲ್ಲಿ ಏನು ಕೊರತೆ ಇದೆ, ಹೇಳಿ" ಅಂತ. ಮುಖದಲ್ಲಿ ಏನೂ ಕೊರತೆ ಇರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮುಖ ಚೆನ್ನಾಗಿ ತೊಳೆಸಿ, ಕೂದಲು ಕಾಣದ ಹಾಗೆ ಬಿಳಿ ಬಟ್ಟೆ ಕಟ್ಟಿ, ಹಗಲು ಹೊತ್ತಿನಲ್ಲಿ ಕಿಟಕಿಯ ಮುಂದೆ ಕೂರಿಸುತ್ತೇವೆ. ಬಲ್ಬಿನ ಬೆಳಕನ್ನು ನಂಬುವಂತಿಲ್ಲ. ಆಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಒಂದೊಂದಾಗಿ ಗದ್ದದ ಕೆಳಗೆ ಹಿಡಿಯುವುದು. ಬಟ್ಟೆಯನ್ನು ನೋಡಬಾರದು, ಮುಖವನ್ನು ನೋಡಬೇಕು. ಒಪ್ಪದ ಬಣ್ಣವಾದರೆ ಕಣ್ಣಿನ ಕೆಳಗೆ ಕಪ್ಪು ಏಳುತ್ತದೆ, ತುಟಿ ಸಪ್ಪಗಾಗುತ್ತದೆ. ಒಪ್ಪುವ ಬಣ್ಣ ಹಿಡಿದರೆ ಅದೇ ಮುಖ ಮುಂದೆ ಬರುತ್ತದೆ. ಬೆಳ್ಳಗೆ, ಕಪ್ಪಗೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಚರ್ಮದ ಒಳಗೆ ಒಂದು ಛಾಯೆ ಇರುತ್ತದೆ, ಕೆಲವರಿಗೆ ಹಳದಿಯ ಕಡೆಗೆ, ಕೆಲವರಿಗೆ ಗುಲಾಬಿ, ನೀಲಿಯ ಕಡೆಗೆ. ಅವಳದು ಎರಡನೆಯದು. ಹಳದಿ, ಇಟ್ಟಿಗೆ, ಎಲೆಹಸಿರು ಹಿಡಿದಾಗೆಲ್ಲ ಜ್ವರ ಬಂದವಳ ಹಾಗೆ ಕಂಡಳು. ಬೂದು ಬೆರೆತ ನೀಲಿ ಹಿಡಿದಾಗ ನನ್ನ ಕೈ ಅಲ್ಲಿಯೇ ನಿಂತುಬಿಟ್ಟಿತು.

ನಿಮ್ಮ ಹೊಲಿಗೆಯ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಆಡುವ ಯೋಗ್ಯತೆಯೂ ನನಗಿಲ್ಲ. ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ಅವಳನ್ನು ಇನ್ನೊಂದು ಸಲ ಕರೆದಿದ್ದಾರೆ.

ನಿಮ್ಮ,
ಮೇಕಪ್ ಕೆಲಸದವಳು


ಜುಲೈ ೨

ನಾನು ನಿನ್ನ ಅಕ್ಕ ಅಲ್ಲ. ನನ್ನ ತಾಯಿಗೆ ನಾನೊಬ್ಬಳೇ ಮಗಳು. ಬಹುವಚನ ಯಾಕೆ ಹೋಯಿತು ಅಂತ ಕೇಳಬೇಡ. ಸಿಟ್ಟು ಬಂದಾಗ ನನಗೆ ಅದು ನಿಲ್ಲುವುದಿಲ್ಲ.

ಪದ್ಧತಿ ಇದೆಯಂತೆ, ಪದ್ಧತಿ! ತಲೆಗೆ ಬಿಳಿ ಬಟ್ಟೆ ಕಟ್ಟಿ ಕಿಟಕಿಯ ಮುಂದೆ ಕೂರಿಸಿದರೆ ಯಾರ ಮುಖವಾದರೂ ಆಸ್ಪತ್ರೆಯಿಂದ ಬಂದ ಹಾಗೆ ಕಾಣುತ್ತದೆ. ನನಗೂ ಪದ್ಧತಿ ಇದೆ, ಕೇಳು. ಅವಳಿಗೆ ಬಟ್ಟೆ ತರುವಾಗ ಸುಮ್ಮನೆ ಕಣ್ಣು ಮುಚ್ಚಿ ತಂದವಳಲ್ಲ ನಾನು. ಅವಳು ಶಾಲೆಗೆ ಹೋಗಿರುತ್ತಿದ್ದಳು. ನಾನು ಬಟ್ಟೆ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ನಿಂತು ಒಂದೊಂದೇ ಥಾನಿನ ತುದಿ ಎಳೆದು ನನ್ನ ಹೆಗಲ ಮೇಲೆ ಹಾಕಿಕೊಂಡು ನೋಡುತ್ತಿದ್ದೆ. ಅಂಗಡಿಯವನು ಬೇಸತ್ತು ಟೀ ಕುಡಿಯಲು ಹೋಗುವಷ್ಟು ಹೊತ್ತು ನೋಡುತ್ತಿದ್ದೆ. ನನಗೆ ಒಪ್ಪಿದರೆ ಅವಳಿಗೂ ಒಪ್ಪಿದ ಹಾಗೆ. ಯಾಕೆಂದರೆ ಅವಳ ಮುಖ ನನ್ನದೇ, ಪಡಿಯಚ್ಚು. ಹುಬ್ಬು ನೋಡು, ಗದ್ದ ನೋಡು. ಹೆರಿಗೆ ಮಾಡಿಸಿದ ನರ್ಸೇ ಹೇಳಿದ್ದಳು, "ಏನ್ರೀ, ನಿಮ್ಮನ್ನೇ ಚಿಕ್ಕದು ಮಾಡಿ ಕೊಟ್ಟ ಹಾಗಿದೆ" ಅಂತ. ಆ ನರ್ಸು ನಿನ್ನ ಹಾಗೆ ತುಂಡು ಬಟ್ಟೆ ಹಿಡಿದು ನೋಡಿರಲಿಲ್ಲ.

ಇಷ್ಟಕ್ಕೂ ನಿನಗೇನಾಗಬೇಕು? ನನ್ನ ಮನೆಯಿಂದ ಹೋದದ್ದು ಒಂದು ಸಲ ನಿನ್ನ ಮನೆಗೆ ಬಂತು. ಅದರ ಬಗ್ಗೆ ನಾನು ಗಲಾಟೆ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಹೋದಾಗ ಮನೆಯಲ್ಲಿ ಜಾಗವೇ ಆಯಿತು. ಆದರೆ ಇದು ಬೇರೆ. ಇದಕ್ಕೆ ಕೈ ಹಾಕಿದರೆ ನಾನು ಸುಮ್ಮನಿರುವುದಿಲ್ಲ.

ಇಟ್ಟಿಗೆ ಬಣ್ಣದ ಹೊಸ ಟಾಪ್ ಹೊಲಿದು ಅವಳ ಹೆಸರಿಗೆ ಕಳಿಸಿದ್ದೇನೆ, ಕಾಲರಿಗೆ ಎರಡು ಸಾಲು ಹೊಲಿಗೆ ಹಾಕಿ. ತುಟಿಗೂ ಅದೇ ಬಣ್ಣದ ಲಿಪ್‌ಸ್ಟಿಕ್ ಹಚ್ಚಬೇಕು ಅಂತ ಅವಳಿಗೆ ಹೇಳಿದ್ದೇನೆ. ನೀನು ನಿನ್ನ ತುಂಡುಗಳನ್ನು ಮಡಿಸಿ ಒಳಗಿಡು.

ಗುಬ್ಬಿಯನ್ನು ಹೆತ್ತವಳು


ಜುಲೈ ೨೬

ಅಕ್ಕ ಅನ್ನಬೇಡಿ ಅಂದಿರಿ. ಬೇರೆ ಏನೆನ್ನಬೇಕು ಅಂತ ತಿಳಿಯದೆ ಹಾಗೆಯೇ ಶುರು ಮಾಡುತ್ತಿದ್ದೇನೆ.

ಅವಳು ನೀವು ಕಳಿಸಿದ್ದನ್ನೇ ಹಾಕಿಕೊಂಡು ಹೋದಳು. ನಾನು ಬೇಡ ಅನ್ನಲಿಲ್ಲ. ಮೇಕಪ್ ಕುರ್ಚಿಯಲ್ಲಿ ಕುಳಿತು, "ಅಮ್ಮ ಹೇಳಿದ ಲಿಪ್‌ಸ್ಟಿಕ್ಕೇ ಹಚ್ಚಿ" ಅಂದಳು. ಹಚ್ಚಿದೆ. ಹಚ್ಚುವಾಗ ನನ್ನ ಕೈ ಹಿಂದೆ ಎಳೆಯುತ್ತಿತ್ತು, ಆದರೂ ನೀಟಾಗಿಯೇ ಹಚ್ಚಿದೆ. ಯಾರಾದರೂ ಮುಂದೆ ಒಂದು ದಿನ ನಾನು ಬೇಕೆಂದೇ ಕೆಡಿಸಿದೆ ಅನ್ನಬಾರದು ನೋಡಿ.

ಈ ಸಲ ಹುಷಾರಿಲ್ಲವಾ ಅಂತ ಯಾರೂ ಕೇಳಲಿಲ್ಲ. ಏನೂ ಕೇಳದೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಹಿರಿಯರೊಬ್ಬರು, "ದನಿ ಚೆನ್ನಾಗಿದೆ, ಬೇಕಾದರೆ ರೇಡಿಯೋಗೆ ಪ್ರಯತ್ನಿಸಬಹುದು" ಅಂದರು. ಅವಳು ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿಯೂ ಅಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿದಳು. ನನಗೆ ಅದೇ ಹೆಚ್ಚು ಭಯವಾಯಿತು. ಅವಳ ಓದನ್ನು ಮೆಚ್ಚಿದ ಸಂಪಾದಕಿಯೊಬ್ಬರು ಪಟ್ಟು ಹಿಡಿದು ಕೊನೆಯದಾಗಿ ಇನ್ನೊಂದು ಅವಕಾಶ ಕೊಡಿಸಿದ್ದಾರೆ, ಆಗಸ್ಟ್ ಕೊನೆಯಲ್ಲಿ. ಅಲ್ಲಿಗೆ ಮುಗಿಯಿತು, ಮತ್ತೆ ಕರೆಯುವುದಿಲ್ಲ.

ನೀವು ಬೈಯುತ್ತೀರಿ ಅಂತ ಗೊತ್ತಿದ್ದೂ ಒಂದು ಮಾತು ಹೇಳಬೇಕಾಗಿದೆ. ಹುಬ್ಬು ನಿಮ್ಮದು, ಗದ್ದ ನಿಮ್ಮದು, ನಗುವಾಗ ತಲೆ ಒಂದು ಕಡೆಗೆ ವಾಲಿಸುವುದೂ ನಿಮ್ಮದೇ ಇರಬೇಕು, ಈ ಮನೆಯಲ್ಲಿ ಯಾರಿಗೂ ಆ ಅಭ್ಯಾಸವಿಲ್ಲ. ಆದರೆ ಚರ್ಮ ಅವಳ ಅಪ್ಪನದು. ಕಿಟಕಿಯ ಮುಂದೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ನೋಡಿದೆ. ಒಂದೇ ಛಾಯೆ.

ಇದರ ಜೊತೆ ಆ ಬೂದು ನೀಲಿ ಬಟ್ಟೆಯ ಒಂದು ತುಂಡು ಇಟ್ಟಿದ್ದೇನೆ. ಇದೇ ಬಟ್ಟೆ ಬೇಕಾದಷ್ಟು ಸಿಗುತ್ತದೆ. ಕಳಿಸಿದರೆ ಹೊಲಿದು ಕೊಡುತ್ತೀರಾ? ಅಳತೆ ನಿಮಗೆ ಬಾಯಿಪಾಠವಿರುತ್ತದೆ.

ನಿಮ್ಮ,
ಮೇಕಪ್ ಕೆಲಸದವಳು


ಆಗಸ್ಟ್ ೫

ನಿನ್ನ ತುಂಡು ತಲುಪಿತು. ಲಕೋಟೆ ಒಡೆದವಳೇ ಒಂದು ಫೋಟೋ ಹುಡುಕಿ ಪಕ್ಕಕ್ಕಿಟ್ಟು ನೋಡಿದೆ.

ಹೋದ ತಿಂಗಳು ಗುಬ್ಬಿ ನನಗೊಂದು ಫೋಟೋ ಕಳಿಸಿದ್ದಳು, ಅಪ್ಪನ ಜೊತೆ ಪಾರ್ಕಿನಲ್ಲಿ ತೆಗೆಸಿಕೊಂಡದ್ದು. ಅದರಲ್ಲಿ ಆತ ಹಾಕಿದ್ದ ಶರ್ಟು ಇದೇ ಬಣ್ಣ. ನೋಡಿ ನನಗೆ ಗುರುತೇ ಸಿಕ್ಕಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಯಾರಾದರೂ ಚೆಲುವರಾಗುತ್ತಾರೆಯೇ? ನನ್ನ ಜೊತೆ ಇದ್ದಷ್ಟು ದಿನ ಆತ ಸದಾ ಕಾಯಿಲೆಯವನ ಹಾಗೆ ಕಾಣುತ್ತಿದ್ದ. ಕಂದು, ಕಾವಿ, ಪಾಚಿ ಹಸಿರು, ಎಲ್ಲ ಶರ್ಟೂ ನಾನೇ ಹೊಲಿದದ್ದು. ಬೀದಿಯವರೆಲ್ಲ ನಾನು ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ ಅಂತ ತಿಳಿದಿದ್ದರು. ನಮ್ಮ ಅತ್ತೆಯಂತೂ ಬಾಯಿಬಿಟ್ಟೇ ಹೇಳುತ್ತಿದ್ದರು, "ನನ್ನ ಮಗ ಈ ಮನೆಯಲ್ಲಿ ಸೊರಗಿ ಹೋದ" ಅಂತ. ಮಾಡಿ ಮಾಡಿ ಬಡಿಸಿದೆ, ಟಾನಿಕ್ ಕುಡಿಸಿದೆ. ಈಗ ನೀನು ಒಂದು ನೀಲಿ ಶರ್ಟು ತೊಡಿಸಿ ಗಟ್ಟಿಮುಟ್ಟಾಗಿ ಮಾಡಿ ನಿಲ್ಲಿಸಿಬಿಟ್ಟೆ.

ಹೊಟ್ಟೆ ಉರಿಯುತ್ತಿದೆ. ಮುಚ್ಚುಮರೆ ಯಾಕೆ? ಆತನಿಗಾಗಿ ಅಲ್ಲ, ಆ ಅಧ್ಯಾಯ ಮುಗಿಯಿತು. ಆತನನ್ನು ಕಿಟಕಿಯ ಮುಂದೆ ಕೂರಿಸಿ, ಪಕ್ಕದಲ್ಲಿ ನನ್ನ ಮಗಳನ್ನು ಕೂರಿಸಿ, ಇಬ್ಬರ ಗದ್ದದ ಕೆಳಗೂ ನೀನು ಬಟ್ಟೆ ಹಿಡಿದು ನಿಂತಿದ್ದೀಯಲ್ಲ, ಅದು ಕಣ್ಣ ಮುಂದೆ ಬಂದರೆ ಮೆಷಿನ್ನಿನ ಮುಂದೆ ಕೂರಲಾಗುವುದಿಲ್ಲ. ಗಿರಾಕಿಯೊಬ್ಬಳ ತೋಳನ್ನು ತಿರುವು ಮುರುವು ಹೊಲಿದಿಟ್ಟೆ. ನನ್ನ ಜನ್ಮದಲ್ಲಿ ಹಾಗೆ ಆಗಿರಲಿಲ್ಲ.

ನಾನು ಹೊಲಿಯುವುದಿಲ್ಲ. ನಿಮ್ಮ ಊರಿನಲ್ಲಿ ದರ್ಜಿಗಳಿಗೆ ಬರವೆ? ಇಲ್ಲದಿದ್ದರೆ ರೆಡಿಮೇಡ್ ತೆಗೆದುಕೊ. ಮೂವರೂ ಒಂದೇ ಬಣ್ಣದ್ದು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಿ.

ಗುಬ್ಬಿಯ ಅಮ್ಮ


ಆಗಸ್ಟ್ ೧೨

ನೀವು ಹೊಟ್ಟೆ ಉರಿ ಅಂತ ನೇರವಾಗಿ ಬರೆದಿರಿ. ಓದಿ ನನಗೆ ಒಂದು ಥರ ಧೈರ್ಯ ಬಂತು. ನಾನೂ ನೇರವಾಗಿ ಬರೆಯುತ್ತೇನೆ.

ರೆಡಿಮೇಡ್ ತೆಗೆದುಕೊ ಅಂದಿರಲ್ಲ, ಕರೆದುಕೊಂಡು ಹೋಗಿದ್ದೆ. ಒಳ್ಳೆಯ ಅಂಗಡಿ. ನಾನು ಬಣ್ಣ ನೋಡಿ ಆರಿಸಿ ಕೊಟ್ಟದ್ದನ್ನೆಲ್ಲ ಅವಳು ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತಾಳೆ. ಉಗುರಿನಿಂದ ಅಂಚು ಎಳೆದು ನೋಡುತ್ತಾಳೆ. "ಬಿಚ್ಚಿ ಹೋಗತ್ತೆ" ಅಂತ ವಾಪಸ್ ಇಡುತ್ತಾಳೆ. ಹೊರಗೆ ಬಂದ ಮೇಲೆ ಬೀದಿಯಲ್ಲಿ ನಿಂತು ಹೇಳಿದಳು: "ನಿಮ್ಮ ಬಣ್ಣ ಸರಿ ಅಂತ ನಂಗೆ ಮೊದಲ ದಿನಾನೇ ಕಣ್ಣಿಗೆ ಕಾಣಿಸ್ತು. ಆದ್ರೆ ಅಮ್ಮ ಹೊಲಿದಿದ್ದು ಬಿಟ್ಟು ಬೇರೆ ಹಾಕ್ಕೊಂಡು ಹೋಗಿ ಗೆದ್ದೆ ಅಂದ್ರೆ, ಅಮ್ಮ ಸೋತಂಗೆ ಆಗತ್ತೆ. ಬೇಡ. ಅಮ್ಮನ ಬಟ್ಟೇಲೇ ಹೋಗ್ತೀನಿ, ಆದದ್ದಾಗಲಿ."

ನನಗೆ ಮೈ ಉರಿದು ಹೋಯಿತು. ಅವಳ ಮೇಲಲ್ಲ, ನಿಮ್ಮ ಮೇಲೆ. ನೀವು ಅಷ್ಟು ದೂರದಲ್ಲಿ ಕುಳಿತು ಏನೂ ಮಾಡದೆ ಗೆಲ್ಲುತ್ತೀರಿ. ನಾನು ಬೆಳಿಗ್ಗೆ ಅವಳಿಗೆ ಡಬ್ಬಿ ಕಟ್ಟುತ್ತೇನೆ, ಗಂಟಲು ಕೆಟ್ಟರೆ ಬಿಸಿನೀರು ಕಾಯಿಸಿ ಕೊಡುತ್ತೇನೆ, ಪಕ್ಕದಲ್ಲಿ ಕುಳಿತು ಓದಿಸುತ್ತೇನೆ. ಅವಳು ನನ್ನನ್ನು ಏನಂತ ಕರೆಯುತ್ತಾಳೆ ಗೊತ್ತೆ? ಏನೂ ಇಲ್ಲ. ನನಗೆ ಹೆಸರೇ ಇಲ್ಲ. ಆಂಟಿಯೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಇನ್ನೊಂದು ಕೋಣೆಯಲ್ಲಿದ್ದರೆ ಕೂಗುವುದಿಲ್ಲ, ಎದ್ದು ಬಂದು ಎದುರಿಗೆ ನಿಂತು ಮಾತು ಶುರು ಮಾಡುತ್ತಾಳೆ. ಕೂಗಬೇಕಾದರೆ ಒಂದು ಪದ ಬೇಕಲ್ಲ. ನಮ್ಮಿಬ್ಬರಿಗೆ ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ಯಾರೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ "ಅಮ್ಮಾ" ಅಂತ ಕೂಗಿದ್ದು ನಾನು ಕೇಳಿಲ್ಲ. ಅವಳು ಫೋನಿನಲ್ಲಿ ನಿಮ್ಮನ್ನು ಹಾಗೆ ಕರೆಯುವಾಗ ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಬಿಡುತ್ತೇನೆ.

ಇಷ್ಟು ಬರೆದದ್ದು ನಿಮ್ಮ ಮನಸ್ಸು ಕರಗಲಿ ಅಂತಲ್ಲ. ನೀವು ಹೊಲಿಯದಿದ್ದರೆ ಆ ಹುಡುಗಿ ಸಾಸಿವೆ ಹಳದಿಯಲ್ಲಿಯೇ ಹೋಗಿ ಕುಳಿತು ಸೋತು ಬರುತ್ತಾಳೆ. ನಿಮಗೋಸ್ಕರ ಸೋಲುತ್ತಾಳೆ. ಬಟ್ಟೆ ಪಾರ್ಸೆಲ್ ಮಾಡಿದ್ದೇನೆ. ಮುಂದಿನದು ನಿಮ್ಮ ಕೈಯಲ್ಲಿದೆ.

ಇತಿ,
ಹೆಸರಿಲ್ಲದವಳು


ಆಗಸ್ಟ್ ೨೧

ಹೊಲಿದಿದ್ದೇನೆ. ಇದರ ಜೊತೆಗೇ ಇದೆ. ಇಸ್ತ್ರಿ ಮಾಡುವಾಗ ಮೇಲೆ ತೆಳ್ಳನೆಯ ಬಟ್ಟೆ ಹಾಸಿ ಮಾಡು, ಇಲ್ಲದಿದ್ದರೆ ಹೊಳಪು ಬಂದುಬಿಡುತ್ತದೆ.

ಕತ್ತರಿಸುವ ಮೊದಲು ಅಭ್ಯಾಸಬಲದಿಂದ ನನ್ನ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದೆ. ಥೂ, ನನ್ನ ಮುಖಕ್ಕೆ ಬೂದಿ ಬಳಿದ ಹಾಗೆ ಕಂಡಿತು. ಎರಡು ದಿನ ಅದನ್ನು ಮೂಲೆಯಲ್ಲಿ ಬಿಸಾಕಿದ್ದೆ. ನನಗೆ ಇಷ್ಟೊಂದು ಕೆಟ್ಟದಾಗಿ ಕಾಣುವ ಬಟ್ಟೆಯನ್ನು ನನ್ನ ಮಗಳಿಗೆ ಹೊಲಿಯುವುದು ಹೇಗೆ? ಕೈಯೇ ಬರಲಿಲ್ಲ. ಕೊನೆಗೆ ಕನ್ನಡಿಯ ಮೇಲೆ ಒಂದು ಟವೆಲ್ ಹಾಕಿ ಮುಚ್ಚಿ ಹೊಲಿದೆ.

ಅವಳು ಗೆಲ್ಲಲಿ ಅಂತ ಹೊಲಿದದ್ದು. ನೀನು ಗೆಲ್ಲಲಿ ಅಂತಲ್ಲ.

ಕೋಣೆಯಿಂದ ಕೋಣೆಗೆ ಕೂಗುವ ವಿಷಯ ಬರೆದಿದ್ದೀಯಲ್ಲ, ಅದಕ್ಕೆ ನಾನೇನೂ ಹೇಳುವುದಿಲ್ಲ. ಅದು ನಾನು ಕೊಡಿಸುವಂಥದ್ದಲ್ಲ. ಕೊಡಿಸುವಂಥದ್ದಾಗಿದ್ದರೂ ಕೊಡಿಸುತ್ತಿದ್ದೆನೋ ಇಲ್ಲವೋ.

ಗುಬ್ಬಿಯ ಅಮ್ಮ


ಸೆಪ್ಟೆಂಬರ್ ೯

ಆಯ್ಕೆಯಾದಳು. ನಿಮಗೆ ಅವಳೇ ಫೋನಿನಲ್ಲಿ ಹೇಳಿದ್ದಾಳೆ, ನನಗಿಂತ ಮೊದಲು ನಿಮಗೇ ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿಯೇ ಬ್ರಷ್ಷು ತೊಳೆಯುತ್ತಿದ್ದೆ, ಗೋಡೆಯ ಆಚೆಯಿಂದ ಕೇಳಿಸಿತು.

ತರಬೇತಿ ಮುಗಿದ ಮೇಲೆ, ಅಕ್ಟೋಬರ್ ಆರನೇ ತಾರೀಕು ಸಂಜೆಯ ವಾರ್ತೆ ಅವಳದು. ಆ ನೀಲಿಯನ್ನೇ ಹಾಕುತ್ತಾಳೆ. ಲಿಪ್‌ಸ್ಟಿಕ್ ಗುಲಾಬಿಯ ಕಡೆಗೆ ಇರುವ ಒಂದು ಬಣ್ಣ ಯೋಚಿಸಿದ್ದೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ. ಅಕ್ಟೋಬರ್ ಕೊನೆಗೆ ಹೋಗುತ್ತಾಳಂತೆ. ಇಲ್ಲಿಯೇ ಇರು ಅಂತ ನಾನು ಕೇಳಲಿಲ್ಲ. ಏನಂತ ಕೇಳಲಿ?

ಇತಿ,
ಮೇಕಪ್ ಕೆಲಸದವಳು


ಅಕ್ಟೋಬರ್ ೭

ನಿನ್ನೆ ಸಂಜೆ ಅಂಗಡಿಯಲ್ಲಿಯೇ ಟಿವಿ ಇಡಿಸಿದ್ದೆ. ಬೀದಿಯ ಹೆಂಗಸರೆಲ್ಲ ಬಂದಿದ್ದರು, ನನ್ನ ಬಾಯಿಗೆ ಹೆದರುವವರೂ ಬಂದಿದ್ದರು. ಕತ್ತರಿಸುವ ಮೇಜಿನ ಮೇಲೂ ಕುಳಿತಿದ್ದರು. ಯಾವತ್ತೂ ಯಾರನ್ನೂ ಅಲ್ಲಿ ಕೂರಲು ಬಿಟ್ಟವಳಲ್ಲ ನಾನು.

ಸಂಗೀತ ಬಂತು, ಅವಳು ಬಂದಳು. ನಾನು ಮೊದಲು ನೋಡಿದ್ದು ಕಾಲರು. ಸರಿಯಾಗಿ ಕೂತಿತ್ತು. ಆಮೇಲೆ ಹೆಗಲ ಹೊಲಿಗೆ. ಅದೂ ಸರಿಯಿತ್ತು. ಆಮೇಲೆ ಮುಖ ನೋಡಿದೆ.

ಏನು ಬರೆಯಲಿ? ಅವಳ ಕಣ್ಣು ಕಪ್ಪು ಅಂದುಕೊಂಡಿದ್ದೆ. ನನ್ನವು ಕಪ್ಪು, ಅವಳವೂ ಕಪ್ಪು, ಅಷ್ಟೆ. ನಿನ್ನೆ ನೋಡಿದರೆ ಕಪ್ಪಲ್ಲ, ಜೇನುತುಪ್ಪದ ಬಣ್ಣ. ಕೆನ್ನೆಯ ಮೂಳೆ ನನ್ನದಕ್ಕಿಂತ ಮೇಲಿದೆ. ಕೆಳತುಟಿಯ ಮಧ್ಯೆ ಸಣ್ಣ ಗೀರಿನಂತೆ ಒಂದಿದೆ, ಅದು ನನಗೂ ಇಲ್ಲ, ಆತನಿಗೂ ಇಲ್ಲ. ಹೊಟ್ಟೆಯಲ್ಲಿ ಹೊತ್ತು, ಎತ್ತಿ ಆಡಿಸಿ, ತಲೆ ಬಾಚಿ, ಸಾವಿರ ಸಲ ಗುಂಡಿ ಹಾಕಿ ಕಳಿಸಿದ ಹುಡುಗಿ. ವಾರ್ತೆ ಏನು ಓದಿದಳೋ ಒಂದು ಅಕ್ಷರ ನನ್ನ ಕಿವಿಗೆ ಬೀಳಲಿಲ್ಲ. ಯಾರಪ್ಪಾ ಇವಳು, ಎಷ್ಟು ಚೆನ್ನಾಗಿದ್ದಾಳೆ ಅಂತ ನೋಡುತ್ತಲೇ ಕುಳಿತಿದ್ದೆ.

ಪಕ್ಕದಲ್ಲಿದ್ದ ಬೇಕರಿಯವಳು, "ಏನ್ರೀ, ಮಗಳಿಗೆ ಇಷ್ಟು ಚೆನ್ನಾಗಿ ಯಾರು ಅಲಂಕಾರ ಮಾಡಿದ್ದು?" ಅಂದಳು. ಟಿವಿಯವರು ಅಂದುಬಿಡಬಹುದಿತ್ತು. ಅನ್ನಲೆಂದೇ ಬಾಯಿ ತೆಗೆದೆ. "ಅವಳ ಚಿಕ್ಕಮ್ಮ" ಅಂತ ಬಂದುಬಿಟ್ಟಿತು. ಹಾಗೆ ಅಂದ ಮೇಲೆ ಹೊಟ್ಟೆಯ ಉರಿ ಕಡಿಮೆಯಾಯಿತು ಅಂತ ತಿಳಿಯಬೇಡ. ಜಾಸ್ತಿಯಾಯಿತು. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಒಬ್ಬಳೇ ಕುಳಿತು ಅತ್ತೆ.

ಆತ ಹೋದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ಈ ಇಪ್ಪತ್ತಮೂರು ವರ್ಷ ಅವಳಿಗೆ ಬಟ್ಟೆ ಆರಿಸುವಾಗ ಕನ್ನಡಿಯಲ್ಲಿ ನಾನು ನೋಡಿದ್ದು ನನ್ನ ಮುಖವನ್ನು. ನೀನು ಕಿಟಕಿಯ ಮುಂದೆ ಕೂರಿಸಿ ಅವಳದನ್ನು ನೋಡಿದೆ. ಹೆತ್ತವಳು ನಾನು, ನನ್ನ ಮಗಳನ್ನು ನನಗಿಂತ ಮೊದಲು ನೋಡಿದವಳು ನೀನು. ಇದನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ವಾರಕ್ಕೆ ಎರಡು ದಿನ ಓದಬೇಕಂತೆ, ಪ್ರತಿ ಸಲವೂ ಒಂದೇ ಬಟ್ಟೆಯಲ್ಲಿ ಕೂರಲಾಗುತ್ತದೆಯೆ? ಅವಳು ಹಾಸ್ಟೆಲಿಗೆ ಹೋಗುವ ಮೊದಲು ಇನ್ನೊಂದು ಸಲ ಕಿಟಕಿಯ ಹತ್ತಿರ ಕೂರಿಸು. ಏನೇನು ಒಪ್ಪುತ್ತದೋ ನೀನೇ ನೋಡಿ ಬಟ್ಟೆ ಕಳಿಸು. ಹೊಲಿಯುವುದು ಮಾತ್ರ ನಾನು.

ಗುಬ್ಬಿಯ ಅಮ್ಮ